ಡೀಸೆಲ್ ಫಿಲ್ಟರ್ ಬದಲಾವಣೆ: ಬಿಚ್ಚುವುದು ಸುಲಭ, ಗಾಳಿ ತೆಗೆಯುವುದೇ ಕೆಲಸ

ಮನೆ ಮುಂದೆ ಸ್ಟಾರ್ಟ್ ಮಾಡಿ ನೋಡಿದರೆ ಗಾಡಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಐಡಲ್ ಸರಿಯಾಗಿದೆ, ಹೊಗೆ ಇಲ್ಲ, ಊರೊಳಗೆ ಓಡಾಡುವಾಗ ಪಿಕಪ್ಪಿಗೂ ಕೊರತೆಯಿಲ್ಲ. ಶಿರಾಡಿ ಘಾಟಿ ಹತ್ತುತ್ತ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ 2,500 ಆರ್‌ಪಿಎಂ ಆಸುಪಾಸಿನಲ್ಲಿ ಎಂಜಿನ್ ಸೊರಗುತ್ತದೆ, ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ. ಕಾಲು ಸಡಿಲಿಸಿದರೆ ಮತ್ತೆ ಸರಿಹೋಗುತ್ತದೆ. ಹಟ ಹಿಡಿದು ಇನ್ನೂ ಒತ್ತಿದರೆ ಚೆಕ್ ಎಂಜಿನ್ ದೀಪ ಹತ್ತಿ ಗಾಡಿ ಲಿಂಪ್ ಮೋಡಿಗೆ, ಅಂದರೆ ಎಂಜಿನ್ ಉಳಿಸಿಕೊಳ್ಳಲು ಶಕ್ತಿ ತಗ್ಗಿಸಿ ಓಡುವ ಸ್ಥಿತಿಗೆ, ಬೀಳುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡ ಗಾಡಿಯ ಲಕ್ಷಣ ಬಹುಮಟ್ಟಿಗೆ ಇದೇ.

ಇದರ ಹಿಂದೆ ಇರುವುದು ಬರೀ ಲೆಕ್ಕ. 1.3 ಲೀಟರಿನ, 75 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಪೂರ್ತಿ ಶಕ್ತಿ ಕೇಳಿದರೆ ಅದೇ ಎಂಜಿನ್ನಿಗೆ ಗಂಟೆಗೆ ಹದಿನೈದು ಲೀಟರ್ ಹತ್ತಿರ ಬೇಕು. ಉರಿಯದೆ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್ಲೂ ಇದೇ ಫಿಲ್ಟರಿನಿಂದಲೇ ದಾಟಿ ಬರಬೇಕು. ಮುಕ್ಕಾಲು ಮುಚ್ಚಿಹೋದ ಫಿಲ್ಟರೂ ಅರ್ಧ ಲೀಟರ್ ಕೊಟ್ಟೇ ಕೊಡುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ರೇಸ್ ಮಾಡಿ ನೋಡಿದರೆ ಈ ದೋಷ ಸಿಗುವುದಿಲ್ಲ. ಲೋಡ್ ಬೀಳಬೇಕು.

ಪಿಕಪ್ ಹೋಯಿತೆಂದ ಕೂಡಲೇ ಫಿಲ್ಟರಿಗೆ ಕೈ ಹಾಕುವುದೂ ಸರಿಯಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿದ್ದರೂ ಗಾಡಿ ಘಾಟಿಯಲ್ಲಿ ಎಳೆಯುವುದಿಲ್ಲ. ಆದರೆ ಅಲ್ಲಿ ಕಮ್ಮಿಯಾಗುವುದು ಗಾಳಿ, ಆದ್ದರಿಂದ ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಬಾನೆಟ್ ಒಳಗಿನಿಂದ ಸುಯ್ಯೆನ್ನುವ ಸದ್ದು ಕೇಳುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕಮ್ಮಿಯಾಗುವುದು ಡೀಸೆಲ್ಲೇ, ಹಾಗಾಗಿ ಹೊಗೆ ಇರುವುದಿಲ್ಲ. ಗಾಡಿಯ ಕಂಪ್ಯೂಟರನ್ನು ಓದಿ ಫೋನಿಗೆ ಜೋಡಿಸುವ ಅಗ್ಗದ ಓಬಿಡಿ ಅಡಾಪ್ಟರ್ ಇದ್ದರೆ ಇನ್ನೂ ಖಚಿತವಾಗುತ್ತದೆ. ಕಾಮನ್ ರೈಲಿನ (ಹೈಪ್ರೆಶರ್ ಪಂಪು ಒತ್ತಿ ತುಂಬಿದ ಡೀಸೆಲ್ಲನ್ನು, ಎಂಜಿನ್ನಿನೊಳಗೆ ಚಿಮ್ಮುವ ಇಂಜೆಕ್ಟರುಗಳಿಗೆ ಹಂಚುವ ಕೊಳವೆ) ಒತ್ತಡವನ್ನು ತೆರೆಯಲ್ಲಿಟ್ಟು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಓಡಿಸಿ ನೋಡಬೇಕು. ಕಂಪ್ಯೂಟರ್ ಕೇಳುವ ಒತ್ತಡಕ್ಕೂ ನಿಜವಾಗಿ ಇರುವ ಒತ್ತಡಕ್ಕೂ ಅಂತರ ಬೆಳೆಯುತ್ತ ಹೋದರೆ, ರೈಲಿನ ಒತ್ತಡ ಕಮ್ಮಿ ಎನ್ನುವ ಪಿ0087 ದೋಷದ ಕೋಡ್ ಬಿದ್ದಿದ್ದರೆ, ಡೀಸೆಲ್ ಸಾಲುತ್ತಿಲ್ಲ. ಸಾಲದಿರುವುದಕ್ಕೆ ಹೈಪ್ರೆಶರ್ ಪಂಪೂ ಕಾರಣವಿರಬಹುದು, ರೆಗ್ಯುಲೇಟರೂ ಇರಬಹುದು, ಸೋರುವ ಇಂಜೆಕ್ಟರೂ ಇರಬಹುದು. ಆ ಸಾಲಿನಲ್ಲಿ ಎಲ್ಲಕ್ಕಿಂತ ಅಗ್ಗ ಫಿಲ್ಟರ್. ಹಾಗಾಗಿ ಮೊದಲು ಅದು.

ಇಲ್ಲಿ ಹೇಳುತ್ತಿರುವುದು ಕಾಮನ್ ರೈಲ್ ಡೀಸೆಲ್ ಕಾರಿನ ಮಾತು. ಉದಾಹರಣೆಗೆ ಫಿಯೆಟ್‌ನ 1,248 ಸಿಸಿ ಮಲ್ಟಿಜೆಟ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲೀನಿಯಾ ಎಲ್ಲದರಲ್ಲೂ ಇದೇ ಎಂಜಿನ್ ಕೂತಿತ್ತು. 2020ರ ಏಪ್ರಿಲಿನಲ್ಲಿ ಹೊಗೆಯ ಮಿತಿ ಬಿಗಿ ಮಾಡುವ ಬಿಎಸ್6 ನಿಯಮ ಬಂದ ಮೇಲೆ ಮಾರುತಿ ಡೀಸೆಲ್ ನಿಲ್ಲಿಸಿತು, ಆದರೆ ರಸ್ತೆಯಲ್ಲಿ ಇಂಥ ಗಾಡಿಗಳು ಇನ್ನೂ ಬೇಕಾದಷ್ಟಿವೆ. ಎಂಜಿನ್ ಒಂದೇ ಆದರೂ ಫಿಲ್ಟರಿನ ಮನೆ (ಫಿಲ್ಟರ್ ಕೂರುವ ಹೊರಡಬ್ಬ) ಒಂದೊಂದು ಕಂಪನಿಯ ಗಾಡಿಯಲ್ಲಿ ಒಂದೊಂದು ಥರ. ಕೆಲವಕ್ಕೆ ಆಯಿಲ್ ಫಿಲ್ಟರಿನಂತೆ ಪೂರ್ತಿ ಡಬ್ಬವನ್ನೇ ತಿರುಗಿಸಿ ತೆಗೆಯಬೇಕು. ಕೆಲವಕ್ಕೆ ಮುಚ್ಚಳ ಬಿಚ್ಚಿ ಒಳಗಿನ ಕಾಗದದ ಕಾರ್ಟ್ರಿಜ್ ಮಾತ್ರ ಬದಲಿಸಬೇಕು. ಮುಂದೆ ವಿವರಿಸುವುದು ಈ ಎರಡನೆಯ ಬಗೆಯನ್ನು. ಡಬ್ಬದ ಬಗೆಗೆ ಬೇರೆಯಾಗುವ ಕಡೆ ಹೇಳುತ್ತೇವೆ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎನ್ನುವುದು ಗಾಡಿಯ ಕೈಪಿಡಿಯಲ್ಲಿರುತ್ತದೆ. 20,000, 30,000, 40,000 ಹೀಗೆ ಗಾಡಿಗೊಂದು ಅಂಕಿ. ಕ್ಯಾನಿನಲ್ಲಿ, ಡ್ರಮ್ಮಿನಲ್ಲಿ ತಂದಿಟ್ಟ ಡೀಸೆಲ್ ಹಾಕುವ ಗಾಡಿಗೆ, ಕರಾವಳಿ ಮಲೆನಾಡಿನ ಮಳೆಯಲ್ಲಿ ಅರ್ಧ ಟ್ಯಾಂಕಿನಲ್ಲೇ ದಿನಗಟ್ಟಲೆ ನಿಲ್ಲುವ ಗಾಡಿಗೆ ಆ ಅಂಕಿಯನ್ನು ಅರ್ಧ ಮಾಡಿಕೊಂಡರೂ ನಷ್ಟವಿಲ್ಲ. ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣ್ಣಗಾದಾಗ ಗೋಡೆಯ ಮೇಲೆ ಬೆವರುತ್ತದೆ. ಆ ನೀರೆಲ್ಲ ಇಳಿಯುವುದು ಡೀಸೆಲ್ಲಿಗೇ.

ಹಳೆಯ ಅಭ್ಯಾಸ, ಹೊಸ ಎಂಜಿನ್

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು. ನಮ್ಮ ಕಡೆ ಡೀಸೆಲ್ ಪಂಪಿಗೆ ಈಗಲೂ ಮೈಕೋ ಪಂಪು ಎನ್ನುವವರಿದ್ದಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು, ಮಾತು ಬದಲಾಗಲಿಲ್ಲ. ಅದರ ಜೊತೆಗೆ ಆ ಕಾಲದ ಅಭ್ಯಾಸವೂ ಉಳಿದಿದೆ. ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಏರ್ ಹಿಡಿದರೆ (ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದರೆ) ಇಂಜೆಕ್ಟರ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು, ನೊರೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡುತ್ತಿದ್ದರು. ಆ ಪಂಪುಗಳಿಗೆ ಅದು ಸರಿಯಾದ ದಾರಿಯೇ.

ಕಾಮನ್ ರೈಲಿನಲ್ಲಿ ಹಾಗೆ ಮಾಡಲೇಬಾರದು. ಸೆಲ್ಫ್ ಹೊಡೆಯುವಾಗಲೇ ರೈಲಿನೊಳಗೆ ನೂರಾರು ಬಾರ್ (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು) ಒತ್ತಡ ಏಳುತ್ತದೆ, ಓಡುವಾಗ ಅದು ಸಾವಿರ ದಾಟುತ್ತದೆ. ಸೂಜಿಯಷ್ಟು ಸಣ್ಣ ಚಿಮ್ಮು ಕೈಗವಸನ್ನೂ ಚರ್ಮವನ್ನೂ ತೂರಿ ಮಾಂಸದೊಳಗೆ ಹೋಗಬಲ್ಲದು. ಹೊರಗೆ ಕಾಣುವುದು ಸಣ್ಣ ಚುಚ್ಚು ಮಾತ್ರ, ಒಳಗೆ ಬೆರಳೇ ಕೊಳೆಯುತ್ತದೆ. ಅದು ತುರ್ತಾಗಿ ಆಸ್ಪತ್ರೆಗೆ ಓಡಬೇಕಾದ ಗಾಯ. ಈ ಕೆಲಸದಲ್ಲಿ ಫಿಲ್ಟರಿನಿಂದ ಪಂಪಿನವರೆಗಿನ ರಬ್ಬರ್ ಹೋಸುಗಳನ್ನು ಮಾತ್ರ ಮುಟ್ಟುತ್ತೇವೆ. ಪಂಪಿನಿಂದ ಆಚೆಗಿನ ಉಕ್ಕಿನ ಪೈಪುಗಳ ಒಂದು ನಟ್ಟನ್ನೂ ಮುಟ್ಟುವುದಿಲ್ಲ.

ಇನ್ನೊಂದು ವ್ಯತ್ಯಾಸ ಕೊಳೆಯದ್ದು. ಹೈಪ್ರೆಶರ್ ಪಂಪು, ಇಂಜೆಕ್ಟರುಗಳೊಳಗೆ ಒಂದಕ್ಕೊಂದು ಉಜ್ಜಿಕೊಂಡು ಓಡುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಅಂದಾಜು ಸಿಗಬಹುದು. ಕಣ್ಣಿಗೆ ಕಾಣುವ ಕಸ ಒಂದು ಕಣ ಶುದ್ಧದ ಬದಿಗೆ, ಅಂದರೆ ಫಿಲ್ಟರ್ ದಾಟಿದ ಡೀಸೆಲ್ ಇರುವ ಕಡೆಗೆ, ಬಿದ್ದರೂ ಅವು ಹಾಳಾಗಲು ಸಾಕು. ಫಿಲ್ಟರ್ ಬದಲಿಸದೆ ಹಾಳಾದ ಇಂಜೆಕ್ಟರಿನಷ್ಟೇ, ಕೊಳಕು ಕೈಯಲ್ಲಿ ಫಿಲ್ಟರ್ ಬದಲಿಸಿ ಹಾಳಾದ ಇಂಜೆಕ್ಟರುಗಳೂ ಇವೆ.

ಸಾಮಾನು

ಫಿಲ್ಟರನ್ನು ಗಾಡಿಯ ಹೆಸರು ಹೇಳಿ ತರುವುದಕ್ಕಿಂತ ಹಳೆಯದರ ಮೇಲಿನ ಪಾರ್ಟ್ ನಂಬರ್ ಓದಿ ತರುವುದು ವಾಸಿ. ಒಂದೇ ಮಾಡೆಲಿನ ಗಾಡಿಗೆ ವರ್ಷದ ಮೇಲೆ ಎರಡು ಬಗೆಯ ಫಿಲ್ಟರ್ ಬಂದಿರುವುದುಂಟು. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ತಾಲ್ಲೂಕಿನ ಸ್ಪೇರ್ ಅಂಗಡಿಯಿರಲಿ, ಡಬ್ಬಿ ತೆರೆಸಿ ನೋಡಿಯೇ ದುಡ್ಡು ಕೊಡಬೇಕು. ಕಾಗದದ ಮಡಿಕೆಗಳು ಒತ್ತೊತ್ತಾಗಿ, ಸಮ ಅಂತರದಲ್ಲಿರಬೇಕು. ಎರಡು ತುದಿಯ ಅಂಟು ಎಲ್ಲೂ ಬಿಟ್ಟಿರಬಾರದು. ನಕಲಿ ಮಾಲು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ: ಮಡಿಕೆ ಕಮ್ಮಿ, ಬೆರಳಲ್ಲಿ ಒತ್ತಿದರೆ ಒಂದು ಕಡೆಗೆ ವಾಲುತ್ತವೆ. ಡಬ್ಬಿಯಲ್ಲಿ ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಡ್ರೇನ್ ಪ್ಲಗ್ಗಿನ ವಾಷರ್ ಇವೆಯೇ ನೋಡಿ. ಇಲ್ಲದಿದ್ದರೆ ಅವನ್ನು ಬೇರೆ ಕೊಳ್ಳಬೇಕು, ನೀರಿನ ನಲ್ಲಿಯ ರಿಂಗನ್ನು ಅಳತೆ ಹೊಂದುತ್ತದೆಂದು ಹಾಕಬಾರದು. ನಲ್ಲಿಯ ರಬ್ಬರಿನಲ್ಲಿ ಇಪಿಡಿಎಂ ಎನ್ನುವ ಜಾತಿ ಹೆಚ್ಚು. ಅದು ಡೀಸೆಲ್ಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ಅಥವಾ ವಿಟಾನ್ ರಿಂಗೇ ಬೇಕು.

ಉಳಿದಂತೆ 8, 10, 13ರ ಸಾಕೆಟ್, ಚಪ್ಪಟೆ ಸ್ಕ್ರೂಡ್ರೈವರ್, ಪ್ಲೈಯರ್, ಮುಚ್ಚಳ ತಿರುಗಿಸಲು ಬೆಲ್ಟ್ ವ್ರೆಂಚ್. ಒಂದು ಲೀಟರ್ ಹಿಡಿಯುವ ಅಗಲ ಬಾಯಿಯ ಪಾತ್ರೆ, ಮುಚ್ಚಳವಿರುವ ಗಾಜಿನ ಬಾಟಲಿ, ನೈಟ್ರೈಲ್ ಕೈಗವಸು ಎರಡು ಜೊತೆ, ನೂಲು ಬಿಡದ ಬಟ್ಟೆ, ದಪ್ಪ ಪ್ಲಾಸ್ಟಿಕ್ ಹಾಳೆ. ಗ್ಯಾರೇಜಿನಲ್ಲಿ ಕೈ ಒರೆಸುವ ನೂಲಿನ ವೇಸ್ಟ್ ಈ ಕೆಲಸಕ್ಕೆ ಬೇಡ, ಅದರ ಎಳೆ ಫಿಲ್ಟರಿನ ಮನೆಯೊಳಗೆ ಉಳಿಯುತ್ತದೆ. ಎರಡು ಅಡಿ ಪಾರದರ್ಶಕ ಹೋಸ್ ಇದ್ದರೆ ಅರ್ಧ ತಲೆನೋವು ಕಮ್ಮಿ. ಅಳತೆ ನಿಮ್ಮ ಗಾಡಿಯ ಹೋಸಿನದೇ ಇರಲಿ, ಸಾಮಾನ್ಯವಾಗಿ ಒಳವ್ಯಾಸ 8 ಮಿ.ಮೀ. ಅದರ ಉಪಯೋಗ ಕೊನೆಯಲ್ಲಿ ಬರುತ್ತದೆ.

ಟ್ಯಾಂಕಿನಲ್ಲಿ ಕಾಲು ಭಾಗವಾದರೂ ಡೀಸೆಲ್ ಇರಲಿ. ಎಂಜಿನ್ ತಣ್ಣಗಾಗಿರಲಿ. ರಾತ್ರಿಯೆಲ್ಲ ನಿಂತ ಗಾಡಿಯಾದರೆ ರೈಲಿನ ಒತ್ತಡವೂ ಇಳಿದಿರುತ್ತದೆ, ನೀರೂ ಫಿಲ್ಟರಿನ ತಳಕ್ಕೆ ಕೂತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆಯೇ ಕೆಲಸ ಶುರು ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಗಾಳಿಯಾಡುವ ಜಾಗ ಬೇಕು. ಬೀಡಿ, ಊದಿನಕಡ್ಡಿ, ದೀಪ ಹತ್ತಿರ ಬೇಡ.

ಬಿಚ್ಚುವಾಗ

ಮೊದಲು ಬ್ಯಾಟರಿಯ ಮೈನಸ್ ತಂತಿ. ಆಮೇಲೆ ಫಿಲ್ಟರಿನ ಸುತ್ತಮುತ್ತ ಬ್ರಶ್ಶಿನಿಂದ ಧೂಳು ಕೊಡವಿ, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಮುಚ್ಚಳದ ಅಂಚು, ಹೋಸಿನ ಕೂಡು ಎಲ್ಲವನ್ನೂ ಒರೆಸಿ. ಹತ್ತು ನಿಮಿಷ ಇದಕ್ಕೇ ಹೋಗುತ್ತದೆ, ಹೋಗಲಿ. ಬಿಚ್ಚಿದ ಮೇಲೆ ಒರೆಸಿದರೆ ಧೂಳು ನೇರ ಒಳಕ್ಕೆ.

ಫಿಲ್ಟರಿನ ಕೆಳಗೆ ಏನಿದೆ ನೋಡಿ. ಆಲ್ಟರ್ನೇಟರ್, ಫ್ಯಾನ್ ಬೆಲ್ಟು, ಕ್ಲಚ್ ಹೌಸಿಂಗ್ ಇವುಗಳಲ್ಲಿ ಯಾವುದಾದರೂ ಇದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪಾತ್ರೆಯ ಕಡೆ ಇಳಿಜಾರು ಮಾಡಿ. ಡೀಸೆಲ್ ಕುಡಿದ ಬೆಲ್ಟು ಜಾರುತ್ತದೆ, ರಬ್ಬರ್ ಉಬ್ಬುತ್ತದೆ. ಆಲ್ಟರ್ನೇಟರಿನೊಳಗೆ ಇಳಿದರೆ ಕಾರ್ಬನ್ ಬ್ರಶ್ ಅಂಟುತ್ತದೆ. ಕಾಲು ಲೀಟರ್ ಡೀಸೆಲ್ ಚೆಲ್ಲಿದ್ದಕ್ಕೆ ಆಲ್ಟರ್ನೇಟರ್ ಕೊಳ್ಳುವ ಹಾಗಾಗಬಾರದು.

ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದು, ಹೋಸುಗಳಿಗೆ ಬಣ್ಣದ ಟೇಪು ಸುತ್ತಿ: ಟ್ಯಾಂಕಿನಿಂದ ಬರುವುದು ಒಂದು, ಪಂಪಿಗೆ ಹೋಗುವುದು ಒಂದು, ಕೆಲವು ಗಾಡಿಗಳಲ್ಲಿ ವಾಪಸ್ ಬರುವ ಮೂರನೆಯದೂ ಇರುತ್ತದೆ. ಫಿಲ್ಟರಿನ ತಲೆಯ ಮೇಲೆ ಬಾಣದ ಗುರುತಿರುತ್ತದೆ. ಒಳಬರುವ, ಹೊರಹೋಗುವ ಹೋಸುಗಳನ್ನು ಅದಲುಬದಲು ಮಾಡಿದರೆ ಗಾಡಿ ಸ್ಟಾರ್ಟ್ ಆಗಿಯೇ ಆಗುತ್ತದೆ, ಅದೇ ತೊಂದರೆ. ಕೊಳೆಯೆಲ್ಲ ಕಾಗದದ ಒಳಬದಿಯಲ್ಲಿ ಕೂತು, ಮುಂದಿನ ಸಲ ಬಿಚ್ಚಿದಾಗ ಶುದ್ಧ ಡೀಸೆಲ್ಲಿನ ದಾರಿಗೇ ಉದುರುತ್ತದೆ.

ಫಿಲ್ಟರಿನಲ್ಲಿ ನೀರು ಸೇರಿದ್ದನ್ನು ತಿಳಿಸುವ ನೀರಿನ ಸೆನ್ಸರ್, ಹೀಟರಿನ ವೈರ್ ಸಾಕೆಟ್‌ಗಳ ಲಾಕ್ ಒತ್ತಿ ಬಿಡಿಸಿ. ಹಳೆಯ ಪ್ಲಾಸ್ಟಿಕ್ ಬಿಸಿಲು, ಎಂಜಿನ್ ಕಾವಿಗೆ ಒಣಗಿ ಬಿರುಸಾಗಿರುತ್ತದೆ. ವೈರ್ ಹಿಡಿದು ಎಳೆಯಬೇಡಿ. ಹೋಸಿಗೆ ಕ್ವಿಕ್ ಕನೆಕ್ಟರ್ ಇದ್ದರೆ ಮೊದಲು ಅದನ್ನು ಫಿಲ್ಟರಿನ ಕಡೆಗೇ ಒಂದಿಷ್ಟು ಒತ್ತಿ, ಎರಡು ಬದಿಯ ಗುಂಡಿಗಳನ್ನು ಅದುಮಿ, ಆಮೇಲೆ ನೆಟ್ಟಗೆ ಹಿಂದಕ್ಕೆ ಎಳೆಯಬೇಕು. ಸೀದಾ ಎಳೆದರೆ ಲಾಕ್ ಇನ್ನೂ ಬಿಗಿಯಾಗುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕಿವಿ ಮುರಿಯುತ್ತದೆ, ಆ ಕಿವಿ ಬಿಡಿಯಾಗಿ ಸಿಗುವುದಿಲ್ಲ, ಇಡೀ ಹೋಸೇ ಕೊಳ್ಳಬೇಕು. ಮಾಮೂಲಿ ಕ್ಲಿಪ್ಪಿನ ಹೋಸಾದರೆ ಕ್ಲಿಪ್ ಹಿಂದೆ ಸರಿಸಿ, ಹೋಸನ್ನು ತಿರುಚಿ ಅಂಟು ಬಿಡಿಸಿಯೇ ಎಳೆಯಿರಿ.

ಬಿಡಿಸಿದ ಹೋಸಿನ ಬಾಯಿ ತಕ್ಷಣ ಮುಚ್ಚಬೇಕು. ಕೈಗವಸಿನ ಬೆರಳು ಕತ್ತರಿಸಿ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಕಸವೂ ಹೋಗುವುದಿಲ್ಲ, ಡೀಸೆಲ್ಲೂ ಬೇಗ ಹಿಂದಕ್ಕೆ ಇಳಿಯುವುದಿಲ್ಲ. ಕಾರಿನಲ್ಲಿ ಫಿಲ್ಟರ್ ಟ್ಯಾಂಕಿಗಿಂತ ಎತ್ತರದಲ್ಲಿದೆ. ಬಾಯಿ ತೆರೆದು ಬಿಟ್ಟಷ್ಟು ಹೊತ್ತೂ ಹೋಸಿನೊಳಗಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಜಾರುತ್ತ ಅದರ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಆ ಗಾಳಿಯನ್ನೆಲ್ಲ ಆಮೇಲೆ ನೀವೇ ತೆಗೆಯಬೇಕು.

ಈಗ ತಳದ ಡ್ರೇನ್ ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿ. ತೊಟ್ಟಿಕ್ಕಿ ನಿಂತರೆ ಮೇಲಿನ ಮುಚ್ಚಳ ಸ್ವಲ್ಪ ಸಡಿಲಿಸಿ, ಗಾಳಿ ಹೋದರೆ ಇಳಿಯುತ್ತದೆ. ಬಾಟಲಿಯನ್ನು ಅಲುಗದ ಜಾಗದಲ್ಲಿಡಿ. ಮುಚ್ಚಳ ಬಿಗಿಯಾಗಿದ್ದರೆ ಸುತ್ತಿಗೆ, ಉಳಿ ಬೇಡ. ಬೆಲ್ಟ್ ವ್ರೆಂಚಿನಲ್ಲಿ ಒಂದು ಕೈ, ಮನೆ ಅಲುಗದಂತೆ ಹಿಡಿಯಲು ಇನ್ನೊಂದು ಕೈ. ಬ್ರಾಕೆಟ್ ತಗಡಿನದು, ಬೇಗ ಬಾಗುತ್ತದೆ.

ಹಳೆಯದನ್ನು ಓದುವುದು

ಕಾರ್ಟ್ರಿಜ್ ಹೊರಬಂದ ಮೇಲೆ ಎಸೆಯುವ ಮುಂಚೆ ಕಾಲು ಗಂಟೆ ಅದಕ್ಕೆ ಕೊಡುವುದು ನಮ್ಮ ರೂಢಿ. ಗಾಡಿಯ ಆರೋಗ್ಯದ ಬಗ್ಗೆ ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಡೀಸೆಲ್ ಕಾರ್ಟ್ರಿಜ್ಜಿನ ಹೊರಗಿನಿಂದ ಒಳಕ್ಕೆ ಹರಿಯುತ್ತದೆ, ಹಾಗಾಗಿ ಕೊಳೆ ಹೊರಮೈಯಲ್ಲಿರುತ್ತದೆ. ಮಡಿಕೆಗಳನ್ನು ಬ್ಲೇಡಿನಿಂದ ಕೊಯ್ದು ಬಿಳಿ ಕಾಗದದ ಮೇಲೆ ಬಿಡಿಸಿ.

ಒಂದೇ ಸಮ ಕಪ್ಪಾಗಿದ್ದರೆ ಹೆದರಬೇಕಿಲ್ಲ. ಡೀಸೆಲ್ಲಿನಲ್ಲೇ ಇರುವ ಡಾಂಬರಿನಂಥ ಅಂಶ ಬಿಸಿಯಾಗಿ ತಣ್ಣಗಾಗಿ ಕೂತದ್ದು ಅದು. ಕೆಂಗಂದು ಪುಡಿ ತುಕ್ಕು. ಟ್ಯಾಂಕಿನದೋ, ಡೀಸೆಲ್ ತಂದ ಡ್ರಮ್ಮಿನದೋ. ಲೋಳೆಯಂತೆ ಜಾರುವ, ಕೆಟ್ಟ ವಾಸನೆಯ ಪದರ ಇದ್ದರೆ ಅದು ಪಾಚಿಯ ಹಾಗೆ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ. ಅವು ಬದುಕುವುದು ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ. ಇಂಥ ಗಾಡಿಯಲ್ಲಿ ಫಿಲ್ಟರ್ ಬದಲಿಸಿ ಸುಮ್ಮನಾದರೆ ಹೊಸದೂ ಬೇಗನೆ ಕಟ್ಟಿಕೊಳ್ಳುತ್ತದೆ, ಟ್ಯಾಂಕ್ ಇಳಿಸಿ ತೊಳೆಯಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಬಿಸಿಲಿಗೆ ಹಿಡಿದಾಗ ಮಿಣಮಿಣ ಹೊಳೆಯುವ ಲೋಹದ ಪುಡಿ. ಫಿಲ್ಟರ್ ಇರುವುದು ಪಂಪಿಗಿಂತ ಮುಂಚೆ, ಲೋಹ ಅಲ್ಲಿಗೆ ಹೇಗೆ ಬಂತು ಎಂದು ಕೇಳಬಹುದು. ಪಂಪು ಸವೆದು ಬಿಟ್ಟ ಪುಡಿ ವಾಪಸ್ ಲೈನಿನಲ್ಲಿ ಟ್ಯಾಂಕಿಗೆ ಹೋಗಿ, ಅಲ್ಲಿಂದ ಸುತ್ತಿ ಫಿಲ್ಟರಿಗೆ ಬಂದಿದೆ. ಪುಡಿಯ ಒಂದು ಭಾಗ ಇಂಜೆಕ್ಟರುಗಳನ್ನೂ ದಾಟಿ ಹೋಗಿರುತ್ತದೆ. ಇದು ಕಂಡರೆ ಮನೆಯ ಕೆಲಸ ಅಲ್ಲಿಗೇ ನಿಲ್ಲಿಸಿ ಡೀಸೆಲ್ ಪಂಪು, ಇಂಜೆಕ್ಟರ್ ಕೆಲಸ ಬಲ್ಲವರಿಗೆ ತೋರಿಸಬೇಕು.

ಅಷ್ಟರಲ್ಲಿ ಬಾಟಲಿಯಲ್ಲಿ ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ಕೂತಿರುತ್ತದೆ. ಒಂದೆರಡು ಚಮಚ ಇದ್ದರೆ ಸಾಮಾನ್ಯ. ಕಾಲು ಬಾಟಲಿ ನೀರಿದ್ದರೆ ಟ್ಯಾಂಕಿನಲ್ಲೂ ಇದೆ ಎಂದೇ ಅರ್ಥ.

ಹಳೆಯ ಕಾರ್ಟ್ರಿಜ್ಜನ್ನು ಪೆಟ್ರೋಲಿನಲ್ಲಿ ತೊಳೆದು, ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ಮತ್ತೆ ಹಾಕುವವರಿದ್ದಾರೆ. ಗಾಳಿಯ ಹೊಡೆತಕ್ಕೆ ಕಾಗದದ ಎಳೆಗಳು ಬಿಡುತ್ತವೆ, ತೂತು ದೊಡ್ಡದಾಗುತ್ತದೆ. ಗಾಡಿ ಚೆನ್ನಾಗಿಯೇ ಎಳೆಯುತ್ತದೆ, ಯಾಕೆಂದರೆ ಸೋಸುವ ಕೆಲಸವೇ ನಿಂತಿರುತ್ತದೆ.

ಕೂರಿಸುವುದು

ಕೈಗವಸು ಬದಲಿಸಿ. ಮನೆಯ ತಳದ ಕೆಸರನ್ನು ನೂಲು ಬಿಡದ ಬಟ್ಟೆಯಿಂದ ತೆಗೆಯಿರಿ. ನಡುವಿನ ಕೊಳವೆಯೇ ಶುದ್ಧದ ಬದಿ, ಅದರ ಹತ್ತಿರ ಬಟ್ಟೆ, ಬೆರಳು ಯಾವುದೂ ಸುಳಿಯದಿರಲಿ. ಹಳೆಯ ಓ-ರಿಂಗ್ ತಲೆಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆಳಕು ಬಿಟ್ಟು ನೋಡಿ. ಅದು ಕಪ್ಪು, ಲೋಹವೂ ಕಪ್ಪು, ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೇ ಹೊಸದು ಕೂತರೆ ಎಷ್ಟು ಬಿಗಿದರೂ ಸೋರುತ್ತದೆ, ಇಲ್ಲವೇ ಗಾಳಿ ಎಳೆಯುತ್ತದೆ. ಡಬ್ಬದ ಬಗೆಯ ಫಿಲ್ಟರಿನಲ್ಲಿ ಈ ತಪ್ಪು ಇನ್ನೂ ಹೆಚ್ಚು.

ಹೊಸ ಓ-ರಿಂಗಿಗೆ ಶುದ್ಧ ಡೀಸೆಲ್ ಸವರಿ. ಗ್ರೀಸ್ ಬೇಡ. ಕಾರ್ಟ್ರಿಜ್ಜಿಗೆ ಮೇಲೆ ಕೆಳಗೆ ಉಂಟು, ಉಲ್ಟಾ ಕೂರಿಸಿದರೆ ಮುಚ್ಚಳ ಪೂರ್ತಿ ಇಳಿಯುವುದಿಲ್ಲ. ಒತ್ತಿ ಕೂರಿಸಲು ಹೋಗದೆ ತೆಗೆದು ನೋಡಿ. ಮುಚ್ಚಳವನ್ನು ಮೊದಲು ಎಡಕ್ಕೆ ತಿರುಗಿಸಿ. ಮರೆ (ತಿರುಪಿನ ಗೆರೆ) ಕೂಡಿದಾಗ ಟಕ್ ಎಂದು ಇಳಿಯುತ್ತದೆ, ಅಲ್ಲಿಂದ ಬಲಕ್ಕೆ ಕೈಯಲ್ಲೇ ಬಿಗಿ ಮಾಡಿ. ಪ್ಲಾಸ್ಟಿಕ್ ಮರೆ ಒಂದು ಸಲ ಅಡ್ಡ ಹತ್ತಿದರೆ ಮನೆಯೇ ಹಾಳು. ಡಬ್ಬದ ಬಗೆಯಾದರೆ ರಬ್ಬರ್ ತಲೆಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟು ಸಾಕು. ನೀರಿನ ಸೆನ್ಸರನ್ನು ಹೊಸ ಫಿಲ್ಟರಿಗೆ ವರ್ಗಾಯಿಸಬೇಕಾಗಿದ್ದರೆ ಅದರ ರಿಂಗನ್ನೂ ಬದಲಿಸಿ, ಕೈಬಿಗಿ ಮಾಡಿ ನಿಲ್ಲಿಸಿ.

ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಬೇಕೋ ಬೇಡವೋ ಎಂಬ ಜಗಳ ಹಳೆಯದು. ನಮ್ಮ ತೀರ್ಮಾನ: ಕ್ಯಾನಿನ ಡೀಸೆಲ್ಲನ್ನು ನಡುವಿನ ತೂತಿಗೆ ಎಂದೂ ಸುರಿಯಬಾರದು, ಸೋಸದ ಡೀಸೆಲ್ ನೇರ ಪಂಪಿಗೆ ಹೋಗುತ್ತದೆ. ಕಾರ್ಟ್ರಿಜ್ಜಿನ ಹೊರಗಿನ ಸುತ್ತಿಗೆ ಅರ್ಧದಷ್ಟು ಹಾಕಿದರೆ ಅದು ಕಾಗದ ದಾಟಿಯೇ ಹೋಗಬೇಕಾದ್ದರಿಂದ ತೊಂದರೆಯಿಲ್ಲ. ಹಾಕದೆ ಪಂಪ್ ಮಾಡಿಯೇ ತುಂಬಿಸಿದರೆ ಇನ್ನೂ ಒಳ್ಳೆಯದು, ಕೈ ಸ್ವಲ್ಪ ನೋಯುತ್ತದೆ ಅಷ್ಟೆ.

ಹೋಸುಗಳನ್ನು ಬಣ್ಣ ನೋಡಿ ಸೇರಿಸಿ. ಕ್ವಿಕ್ ಕನೆಕ್ಟರ್ ಟಕ್ ಎನ್ನಬೇಕು, ಎಂದ ಮೇಲೂ ಒಂದು ಸಲ ಎಳೆದು ನೋಡಬೇಕು. ಮಾಮೂಲಿ ಕ್ಲಿಪ್ಪನ್ನು ಪ್ಲಾಸ್ಟಿಕ್ ಮೂತಿಯ ಮೇಲೆ ಅತಿಯಾಗಿ ಬಿಗಿದರೆ ಮೂತಿಯಲ್ಲಿ ಕೂದಲೆಳೆ ಬಿರುಕು ಬರುತ್ತದೆ. ಡ್ರೇನ್ ಪ್ಲಗ್ ಬಿಗಿ ಮಾಡಿದ್ದು ನೆನಪಿದೆಯೇ ನೋಡಿಕೊಳ್ಳಿ.

ಗಾಳಿ

ಇಲ್ಲಿಯವರೆಗಿನದು ಅರ್ಧ ಗಂಟೆಯ ಕೆಲಸ. ಕೆಡಿಸಿಕೊಳ್ಳುವವರು ಹೆಚ್ಚಾಗಿ ಕೆಡಿಸಿಕೊಳ್ಳುವುದು ಇಲ್ಲಿಂದ ಮುಂದೆ.

ಬ್ಯಾಟರಿ ತಂತಿ ಹಾಕಿ, ಆದರೆ ಈಗಲೇ ಸೆಲ್ಫ್ ಹೊಡೆಯಬೇಡಿ. ಹೈಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ. ಅದರ ಒಳಭಾಗಗಳನ್ನು ನೆನೆಸಿ ಜಾರಿಸುವುದು ಡೀಸೆಲ್ಲೇ. ಖಾಲಿ ಫಿಲ್ಟರಿಟ್ಟುಕೊಂಡು ಸ್ಟಾರ್ಟ್ ಆಗುವವರೆಗೂ ಸೆಲ್ಫ್ ಹೊಡೆದರೆ ಪಂಪು ಒಣಗಿದ ಹೊಟ್ಟೆಯಲ್ಲಿ ಉಜ್ಜಿಕೊಳ್ಳುತ್ತದೆ. ಆಗ ಹುಟ್ಟುವ ಪುಡಿಯೇ ಮೇಲೆ ಹೇಳಿದ ಮಿಣುಕು.

ನಿಮ್ಮ ಗಾಡಿಯಲ್ಲಿ ಕೈಪಂಪು ಇದೆಯೇ, ಟ್ಯಾಂಕಿನೊಳಗೆ ಕರೆಂಟಿನ ಪಂಪು ಇದೆಯೇ ಎಂದು ಮೊದಲೇ ತಿಳಿದಿರಬೇಕು. ಕೈಪಂಪು ಎಂದರೆ ಹೋಸಿನ ನಡುವಿನ ರಬ್ಬರ್ ಬುರುಡೆ ಅಥವಾ ಫಿಲ್ಟರಿನ ತಲೆಯ ಮೇಲಿನ ಗುಂಡಿ. ಫಿಲ್ಟರಿನ ತಲೆಯಲ್ಲಿ ಏರ್ ಸ್ಕ್ರೂ ಇದ್ದರೆ ಸಡಿಲಿಸಿ, ಬಟ್ಟೆ ಹಿಡಿದು, ಬುರುಡೆಯ ಬಾಣದ ತುದಿ ಮೇಲ್ಮುಖವಾಗುವಂತೆ ಹಿಡಿದು ಹಿಸುಕುತ್ತ ಹೋಗಿ. ಮೊದಲ ಮೂವತ್ತು ನಲವತ್ತು ಸಲ ಬರೀ ಗಾಳಿ. ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್. ಸ್ಕ್ರೂ ಮುಚ್ಚಿ ಬುರುಡೆ ಕಲ್ಲಿನಂತಾಗುವವರೆಗೆ ಒತ್ತಿ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಮುಂದೆ ಹೋಗಬೇಡಿ.

ಕರೆಂಟಿನ ಪಂಪಾದರೆ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಗುಂಯ್ ಎಂದು ಕೆಲವು ಸೆಕೆಂಡ್ ಓಡಿ ನಿಲ್ಲುತ್ತದೆ. ನಿಂತ ಮೇಲೆ ಆಫ್ ಮಾಡಿ ಮತ್ತೆ ಆನ್. ಹೀಗೆ ಎಂಟು ಹತ್ತು ಸಲ. ಶುರುವಿನಲ್ಲಿ ಹಗುರವಾಗಿ ಕೇಳುವ ಸದ್ದು ಡೀಸೆಲ್ ತುಂಬುತ್ತಿದ್ದಂತೆ ಭಾರವಾಗುತ್ತದೆ.

ಈಗ ಸೆಲ್ಫ್. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ಆಗದಿದ್ದರೆ ಒಂದು ನಿಮಿಷ ಬಿಟ್ಟು, ಮತ್ತೆ ಪಂಪ್ ಮಾಡಿ ಇನ್ನೊಂದು ಸಲ. ರೈಲಿನಲ್ಲಿ ಸುಮಾರು 200 ಬಾರ್ ಏಳುವವರೆಗೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ, ಹಾಗಾಗಿ ಮೊದಲ ಸಲ ಮಾಮೂಲಿಗಿಂತ ಉದ್ದಕ್ಕೆ ಎಳೆಯುವುದು ಸಹಜ. ಹತ್ತಿದ ಮೇಲೆ ಅರ್ಧ ನಿಮಿಷ ಒರಟಾಗಿ, ಮಿಸ್ಸಿಂಗ್ ಹೊಡೆದು ಸರಿಹೋಗುತ್ತದೆ. ಆಗ ರೇಸ್ ಮಾಡದೆ ಐದು ನಿಮಿಷ ಐಡಲ್‌ನಲ್ಲಿ ಬಿಡಿ. ನಾಲ್ಕು ಸಲ ಹೊಡೆದರೂ ಹತ್ತದಿದ್ದರೆ ತಪ್ಪು ಬೇರೆ ಕಡೆ ಇದೆ. ಬ್ಯಾಟರಿ ಸುಡುವ ಬದಲು ಹೋಸುಗಳನ್ನು ಮತ್ತೊಮ್ಮೆ ನೋಡಿ.

ಸೋರಿಕೆ ಹುಡುಕಲು ಬಿಳಿ ಟಿಶ್ಯೂ ಕಾಗದ ಒಳ್ಳೆಯದು. ಕೂಡು, ಮುಚ್ಚಳ, ಡ್ರೇನ್ ಎಲ್ಲದಕ್ಕೂ ಒತ್ತಿ ತೆಗೆದರೆ ಒಂದು ಹನಿಯೂ ಕಾಣುತ್ತದೆ. ಆದರೆ ಕೈಪಂಪಿನ ಗಾಡಿಯಲ್ಲಿ ಟಿಶ್ಯೂ ಒಣಗಿದ್ದರೂ ನಂಬುವ ಹಾಗಿಲ್ಲ. ಅಲ್ಲಿ ಡೀಸೆಲ್ಲನ್ನು ಹಿಂದಿನಿಂದ ತಳ್ಳುವವರಿಲ್ಲ, ಮುಂದಿನ ಪಂಪು ಹೀರಿಕೊಳ್ಳುತ್ತದೆ. ಸ್ಟ್ರಾದಲ್ಲಿ ತೂತಾದ ಹಾಗೆ: ಹೊರಗೆ ಹನಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದು ಹಗಲೆಲ್ಲ ಗೊತ್ತಾಗದೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ಇಳಿದು, ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆಯಾಗಿ ತೋರುತ್ತದೆ. ಪಾರದರ್ಶಕ ಹೋಸ್ ಬೇಕಾಗುವುದು ಆಗ. ಎಂಜಿನ್ ಆಫ್ ಮಾಡಿ, ಫಿಲ್ಟರಿನಿಂದ ಪಂಪಿಗೆ ಹೋಗುವ ಹೋಸಿನ ಜಾಗದಲ್ಲಿ ಅದನ್ನು ಹಾಕಿ, ಮತ್ತೆ ಪಂಪ್ ಮಾಡಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ನಿಮಿಷದ ಗುಳ್ಳೆ ಲೆಕ್ಕಕ್ಕಿಲ್ಲ. ಆಮೇಲೂ ಮುತ್ತಿನ ಸಾಲಿನಂತೆ ಬರುತ್ತಲೇ ಇದ್ದರೆ ಮುಚ್ಚಳದ ಓ-ರಿಂಗ್, ಒಳಬರುವ ಹೋಸಿನ ಕೂಡು, ಡ್ರೇನ್ ವಾಷರ್ ಈ ಕ್ರಮದಲ್ಲಿ ನೋಡಿ. ಈ ಹೋಸ್ ಪರೀಕ್ಷೆಗೆ ಮಾತ್ರ. ಬಿಸಿಗೆ ಮೆತ್ತಗಾಗುವುದರಿಂದ ಅದನ್ನೇ ಬಿಟ್ಟು ಓಡಿಸುವಂತಿಲ್ಲ.

ಫಿಲ್ಟರಿನಲ್ಲಿ ನೀರಿದೆ ಎನ್ನುವ ದೀಪ ಹತ್ತಿಯೇ ಇದ್ದರೆ ಸಾಕೆಟ್ ಸರಿಯಾಗಿ ಕೂತಿಲ್ಲ ಅಥವಾ ಪಿನ್ ಬಾಗಿದೆ. ಫಿಲ್ಟರಿನ ಕಿಲೋಮೀಟರ್ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ಗಾಡಿಗಳಲ್ಲಿ ಸ್ಕ್ಯಾನರಿನಿಂದ ಅದನ್ನು ಸೊನ್ನೆ ಮಾಡಿಸಬೇಕು.

ಪೆಟ್ರೋಲ್ ಕಾರಿನವರಿಗೆ ಇಷ್ಟೇ: ಇದೇ ಕ್ರಮವನ್ನು ಅಲ್ಲಿಗೆ ಒಯ್ಯಬೇಡಿ. ಈಗಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಯಲ್ಲೇ ಇರುತ್ತದೆ. ಹೊರಗೆ ಲೋಹದ ಡಬ್ಬ ಇರುವ ಹಳೆಯ ಎಂಪಿಎಫ್ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮುವ) ಗಾಡಿಯಲ್ಲಿ ಲೈನಿನ ಒತ್ತಡ ಸುಮಾರು 3 ಬಾರ್. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸದೆ ಹೋಸ್ ಮುಟ್ಟಿದರೆ ಮುಖಕ್ಕೇ ಚಿಮ್ಮುತ್ತದೆ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಒಂದೇ ಸಲಕ್ಕೆ ಹತ್ತಿದರೆ, ಏರಿನಲ್ಲಿ ಪೂರ್ತಿ ಒತ್ತಿದಾಗ ರೈಲಿನ ಒತ್ತಡ ಕೇಳಿದಷ್ಟೇ ಬಂದರೆ ಕೆಲಸ ಸರಿಯಾಗಿದೆ. ಬಾಟಲಿಯ ಡೀಸೆಲ್ ಎರಡು ದಿನ ಬಿಟ್ಟರೆ ತಿಳಿಯಾಗುತ್ತದೆ. ತಿಳಿ ಎಷ್ಟೇ ಚೆನ್ನಾಗಿ ಕಂಡರೂ ಟ್ಯಾಂಕಿಗೆ ವಾಪಸ್ ಬೇಡ, ಪಿಕಾಸಿ ಸಲಿಕೆಗಳ ತುಕ್ಕು ಒರೆಸಲು ಇಟ್ಟುಕೊಳ್ಳಿ. ಕೆಳಗಿನ ಬಗ್ಗಡವನ್ನು ಚರಂಡಿಗೆ ಸುರಿಯದೆ ಮರದ ಹೊಟ್ಟಿಗೆ ಹೀರಿಸಿ, ಹಳೆಯ ಕಾರ್ಟ್ರಿಜ್ಜಿನ ಜೊತೆ ಚೀಲಕ್ಕೆ ಕಟ್ಟಿ, ಹಳೆಯ ಆಯಿಲ್ ಒಟ್ಟುಗೂಡಿಸುವ ಗ್ಯಾರೇಜಿಗೆ ಕೊಡಿ. ಹೊಸ ಮುಚ್ಚಳದ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ತಾರೀಖು, ಕಿಲೋಮೀಟರ್ ಬರೆದಿಡಿ. ನೀರು ಇಳಿಸುವುದಕ್ಕೆ ಮುಂದಿನ ಆಯಿಲ್ ಸರ್ವಿಸಿನ ದಿನ ಮತ್ತೆ ಅದೇ ಡ್ರೇನ್ ಪ್ಲಗ್, ಅದೇ ಗಾಜಿನ ಬಾಟಲಿ.